ಸಂಗೀತ ಹಬ್ಬದಲ್ಲಿ ನಮ್ಮ ದುಡ್ಡು ಯಾರ ಕೈಲಿ ಮಲಗುತ್ತೆ?

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಹಳ್ಳಿಯೊಂದರ ಮಹಿಳಾ ಸ್ವಸಹಾಯ ಸಂಘದವರು, ಎಂಟು ಜನ ಇದ್ದೇವೆ. ತೊಡದೇವು, ಹಲಸಿನ ಹಪ್ಪಳ, ಕೋಕಂ ಶರಬತ್ತು ಮಾರುತ್ತೇವೆ. ಸ್ಥಳದಲ್ಲೇ ಬಿಸಿ ತೆಳ್ಳೇವು, ಅಂದರೆ ತೆಳು ದೋಸೆ, ಎರೆದು ಜೋನಿಬೆಲ್ಲದ ಜೊತೆ ಕೊಡುತ್ತೇವೆ. ಮಾರಿಕಾಂಬಾ ಜಾತ್ರೆಯಲ್ಲಿ ಮಳಿಗೆ ಹಾಕಿದ್ದಾಗ ನಗದು, ಕ್ಯೂಆರ್ ಎರಡೂ ತಗೊಂಡಿದ್ದೆವು. ಈಗ ಗೋಕರ್ಣದ ಹತ್ತಿರ ಬೀಚಿನಲ್ಲಿ ಮೂರು ದಿನದ ಸಂಗೀತ ಹಬ್ಬಕ್ಕೆ ಬನ್ನಿ ಎಂದು ಬೆಂಗಳೂರಿನ ಸಂಘಟಕರು ಕರೆದಿದ್ದಾರೆ. ಮಳಿಗೆ ಬಾಡಿಗೆ ತೆರಿಗೆ ಸೇರಿ 15,000 ರೂಪಾಯಿ. ಮಾರಾಟದಲ್ಲಿ 12 ಪರ್ಸೆಂಟ್ ಅವರಿಗೆ, ಅದರ ಮೇಲೆ ಜಿಎಸ್‌ಟಿ. ನಗದು ಮುಟ್ಟುವ ಹಾಗಿಲ್ಲ, ನಮ್ಮ ಕ್ಯೂಆರ್ ಇಡುವ ಹಾಗಿಲ್ಲ. ಬಂದವರ ಕೈಗೆ ಒಂದು ಬ್ಯಾಂಡ್ ಕಟ್ಟುತ್ತಾರಂತೆ, ಅದರಲ್ಲಿ ದುಡ್ಡು ತುಂಬಿಸಿಕೊಂಡು ಬರುತ್ತಾರಂತೆ. ನಾವು ಅವರು ಕೊಟ್ಟ ಮಷೀನಿಗೆ ಬ್ಯಾಂಡ್ ತಾಗಿಸಿಕೊಳ್ಳಬೇಕು. ಹಬ್ಬ ಮುಗಿದು 15 ಕೆಲಸದ ದಿನಗಳ ಮೇಲೆ ನಮ್ಮ ಪಾಲು ಬರುತ್ತದಂತೆ.

ನಮ್ಮಲ್ಲಿ ಒಮ್ಮತ ಇಲ್ಲ. ಮೊಬೈಲಿನಲ್ಲಿ ದುಡ್ಡು ತಗೊಂಡರೆ ಜಿಎಸ್‌ಟಿ ನೋಟಿಸ್ ಬರುತ್ತದೆ ಎಂದು ಒಬ್ಬರು ಹೆದರುತ್ತಾರೆ. ಬೀಚಿನಲ್ಲಿ ನೆಟ್‌ವರ್ಕ್ ಇರಲ್ಲ ಅಂತಾರೆ ಇನ್ನೊಬ್ಬರು. ಸುಮ್ನೆ ನಗದು ತಗೊಂಡರೆ ಯಾರು ನೋಡ್ತಾರೆ ಎನ್ನುವವರೂ ಇದ್ದಾರೆ. ನಮ್ಮ ಹಿರಿಯಕ್ಕ ಮಾತ್ರ "ದುಡ್ಡು ಕೈಗೆ ಬಿದ್ದರೇ ದುಡ್ಡು" ಎಂದು ಹಟ ಹಿಡಿದಿದ್ದಾರೆ. ನೂರು ರೂಪಾಯಿ ಮಾರಾಟಕ್ಕೆ ಸಾಮಾನು, ಗ್ಯಾಸು, ಗಾಡಿ ಬಾಡಿಗೆ ಸೇರಿ 55 ರೂಪಾಯಿ ಖರ್ಚಿದೆ. ಹೋಗಬಹುದಾ? ಗೋಕರ್ಣ ಅಂದರೆ ಫಾರಿನ್ ಜನ ಬರುತ್ತಾರೆ, ಅವರ ಹತ್ತಿರ ದುಡ್ಡು ಹೇಗೆ ತಗೊಳ್ಳೋದು? ಇನ್ನೊಂದು: ಜಾತ್ರೆಯಲ್ಲಿ ಬಂದ ಹತ್ತು ರೂಪಾಯಿ ನಾಣ್ಯ ಒಂದು ಡಬ್ಬಿ ತುಂಬ ಇದೆ, ಯಾರೂ ತಗೊಳ್ತಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಗದು ಒಳ್ಳೆಯದೋ ಬ್ಯಾಂಡ್ ಒಳ್ಳೆಯದೋ ಎಂದು ನೀವು ಕೇಳಿದ್ದೀರಿ. ಆದರೆ ಗಾಯ ಇರುವ ಜಾಗಕ್ಕೆ ಕೈ ಇಟ್ಟವರು ನಿಮ್ಮ ಹಿರಿಯಕ್ಕ. ಗ್ರಾಹಕ ದುಡ್ಡು ಕೊಟ್ಟ ಮೇಲೆ ಅದು ನಿಮ್ಮ ಖಾತೆಗೆ ಸೇರುವ ತನಕ ಯಾರ ಕೈಲಿ ಇರುತ್ತದೆ, ಎಷ್ಟು ದಿನ ಇರುತ್ತದೆ ಎನ್ನುವುದೇ ನೋಡಬೇಕಾದ ವಿಷಯ. ನಗದಾದರೆ ಆ ಕ್ಷಣವೇ ನಿಮ್ಮ ಗಲ್ಲಾಕ್ಕೆ. ನಿಮ್ಮದೇ ಕ್ಯೂಆರ್ ಆದರೆ ಕೂಡಲೇ ಅಥವಾ ಮರುದಿನ ನಿಮ್ಮ ಬ್ಯಾಂಕಿಗೆ. ಬ್ಯಾಂಡ್ ಆದರೆ ಸಂಘಟಕರ ಕೈಗೆ. ಹದಿನೈದು ಕೆಲಸದ ದಿನ ಅಂದರೆ ಭಾನುವಾರ, ರಜೆ ಎಲ್ಲ ಕಳೆದು ಹೆಚ್ಚುಕಡಿಮೆ ಮೂರು ವಾರ. ಅಷ್ಟು ದಿನ ನೀವು ಎಂಟು ಹೆಂಗಸರು ಬೆಂಗಳೂರಿನ ಒಂದು ಕಂಪನಿಗೆ ಬಡ್ಡಿ ಇಲ್ಲದೆ ಸಾಲ ಕೊಟ್ಟ ಹಾಗೆ. ಸಾಲ ಕೊಡಬಾರದು ಅಂತ ನಾನು ಹೇಳಲ್ಲ. ಕೊಡುತ್ತಿದ್ದೇವೆ ಅನ್ನುವುದು ಗೊತ್ತಿರಲಿ.

ಮೊದಲು ಜಿಎಸ್‌ಟಿ ಭಯ ತೆಗೆದುಬಿಡೋಣ. ನನ್ನ ಆಫೀಸಿಗೆ ಬರುವ ಸಣ್ಣ ವ್ಯಾಪಾರಿಗಳಲ್ಲಿ ಅರ್ಧ ಜನ ಈಗಲೂ ಇದನ್ನೇ ಕೇಳುತ್ತಾರೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿದ್ದು ನಿಜ. ಬೆಂಗಳೂರಿನಲ್ಲಿ ಬೇಕರಿ, ಟೀ ಅಂಗಡಿಗಳು "ಯುಪಿಐ ಇಲ್ಲ, ನಗದು ಮಾತ್ರ" ಎಂದು ಬೋರ್ಡು ಹಾಕಿದ್ದೂ ನಿಜ. ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಜೊತೆ ಮಾತಾಡಿದ ಮೇಲೆ, ಹಳೇ ಬಾಕಿಗೆ ಹಟ ಹಿಡಿಯಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದು ಸರ್ಕಾರ ಹೇಳಿತು. ಆದರೆ ಈ ಗಲಾಟೆಯಲ್ಲಿ ಜನರ ತಲೆಯಲ್ಲಿ ಉಳಿದಿದ್ದು ಮಾತ್ರ ತಪ್ಪು ಪಾಠ. ಮೊಬೈಲಿನಲ್ಲಿ ಬಂದರೆ ತೆರಿಗೆ, ನಗದು ಬಂದರೆ ಇಲ್ಲ ಅನ್ನುವ ಕಾನೂನು ಎಲ್ಲೂ ಇಲ್ಲ. ಲೆಕ್ಕಕ್ಕೆ ಬರುವುದು ವರ್ಷದ ಒಟ್ಟು ವಹಿವಾಟು. ಬರೀ ಸರಕು ಮಾರುವವರಿಗೆ 40 ಲಕ್ಷ, ತಿಂಡಿ ಮಾಡಿ ಬಡಿಸುವಂಥ ಸೇವೆ ಇದ್ದರೆ 20 ಲಕ್ಷ ದಾಟಿದಾಗ ನೋಂದಣಿ. ಅದರಲ್ಲಿ ನಗದೂ ಸೇರುತ್ತದೆ. ನಿಮ್ಮ ಸಂಘ ಜಾತ್ರೆ, ಹಬ್ಬ, ಮನೆ ಆರ್ಡರು ಎಲ್ಲ ಸೇರಿಸಿ 20 ಲಕ್ಷದ ಹತ್ತಿರಕ್ಕೂ ಹೋಗಿರಲಿಕ್ಕಿಲ್ಲ ಅಂದುಕೊಂಡಿದ್ದೇನೆ. ಹೋಗಿದ್ದರೆ ಮೊದಲು ನನಗೆ ಪಾರ್ಟಿ ಕೊಡಿಸಿ, ಆಮೇಲೆ ನೋಂದಣಿ ಮಾಡಿಸೋಣ.

ಇಲ್ಲಿ ತಮಾಷೆಯ ಒಂದು ಸಂಗತಿ ಇದೆ. ನಿಮ್ಮ ಹಪ್ಪಳಕ್ಕೆ ಜಿಎಸ್‌ಟಿಯೇ ಇಲ್ಲ. ಯಾವ ಹೆಸರಿನ ಹಪ್ಪಳವಾದರೂ ವಿನಾಯಿತಿ ಎಂದು ಪಟ್ಟಿಯಲ್ಲೇ ಬರೆದಿದೆ. ಆದರೆ ತಿನ್ನಲು ಬಡಿಸಿದ್ದನ್ನು ಬಿಟ್ಟು ಎಂಬ ಬಾಲವೂ ಅದಕ್ಕಿದೆ. ಪ್ಯಾಕೆಟ್ಟಿನ ಹಪ್ಪಳ ಒಂದು ಲೆಕ್ಕ, ಮಳಿಗೆಯಲ್ಲಿ ಕರಿದು ತಟ್ಟೆಗೆ ಹಾಕಿದ ಹಪ್ಪಳ ಇನ್ನೊಂದು ಲೆಕ್ಕ. ನೋಂದಣಿಯ ಮಿತಿಯೊಳಗೆ ಇರುವ ನಿಮಗೆ ಇದರಿಂದ ಏನೂ ತೊಂದರೆ ಇಲ್ಲ, ಸುಮ್ನೆ ಹೇಳಿದೆ.

ಹಾಗಾದರೆ ಆ ನೋಟಿಸುಗಳಲ್ಲಿ ಪಾಪದವರು ಸಿಕ್ಕಿಹಾಕಿಕೊಂಡಿದ್ದು ಹೇಗೆ? ಬಹಳ ಜನರದ್ದು ಒಂದೇ ಖಾತೆ. ಅಂಗಡಿಯ ದುಡ್ಡೂ ಅದಕ್ಕೇ, ಮಗ ಕಳಿಸಿದ ದುಡ್ಡೂ ಅದಕ್ಕೇ, ಚೀಟಿ ದುಡ್ಡೂ ಅದಕ್ಕೇ, ಅಡಿಕೆ ಮಾರಿದ್ದೂ ಅದಕ್ಕೇ. ಕಂಪ್ಯೂಟರಿಗೆ ಎಲ್ಲವೂ ಜಮೆಯೇ. ಆಮೇಲೆ ಒಂದೊಂದನ್ನೂ ಬಿಡಿಸಿ ಹೇಳುವ ಕೆಲಸ ನಮ್ಮ ತಲೆಗೆ ಬರುತ್ತದೆ. ಜಾತ್ರೆಯಲ್ಲಿ ನೀವು ಇಟ್ಟಿದ್ದ ಕ್ಯೂಆರ್ ಯಾರ ಹೆಸರಿನದು? ಸದಸ್ಯರೊಬ್ಬರ ಸ್ವಂತ ಖಾತೆಯದಾಗಿದ್ದರೆ ಇವತ್ತೇ ಬದಲಿಸಿ. ಸಂಘದ ಹೆಸರಿನ ಖಾತೆ ಹೇಗೂ ಇರುತ್ತದೆ. ವ್ಯಾಪಾರದ ಕ್ಯೂಆರ್ ಅದಕ್ಕೇ ಮಾಡಿಸಿ. ಇದರಿಂದ ಇನ್ನೊಂದು ಉಪಕಾರ ಇದೆ. ಸೈಬರ್ ವಂಚನೆಯ ದುಡ್ಡು ಕೈಯಿಂದ ಕೈಗೆ ಹೋಗುವಾಗ ಅದರಲ್ಲಿ ನೂರಿನ್ನೂರು ನಿಮ್ಮ ಮಳಿಗೆಗೂ ಬಂದರೆ, ತನಿಖೆಯ ವೇಳೆ ನಿಮ್ಮ ಖಾತೆಯನ್ನೂ ತಡೆಹಿಡಿಯಬಹುದು. ಏನೂ ಅರಿಯದ ಅಂಗಡಿಯವರಿಗೆ ಹೀಗಾಗಿದ್ದು ನೋಡಿದ್ದೇನೆ. ಆಗ ಮನೆ ಖರ್ಚಿನ ಖಾತೆಯೇ ಬೀಗ ಬಿದ್ದರೆ ಬಹಳ ಕಷ್ಟ.

ಇನ್ನು ಗಡಿ ದಾಟುವ ಮಾತು. ಇದೇ ಸಂಘಟಕರು ಮುಂದಿನ ಸಲ ಗೋವಾಕ್ಕೂ ಬನ್ನಿ ಎಂದರೆ ಖುಷಿಯಲ್ಲಿ ಹೂಂ ಅನ್ನಬೇಡಿ. ಕಾರವಾರದಿಂದ ಗೋವಾದ ಕಾಣಕೋಣ ಕೂಗಳತೆಯಲ್ಲಿದೆ, ಆದರೆ ಜಿಎಸ್‌ಟಿಗೆ ಅದು ಬೇರೆ ರಾಜ್ಯ. ಅಲ್ಲಿ ಅಂಗಡಿ ಇಲ್ಲದೆ ಹಬ್ಬಕ್ಕೆ ಮಾತ್ರ ಹೋಗಿ ಮಾರುವವರಿಗೆ ತಾತ್ಕಾಲಿಕ ನೋಂದಣಿ ಬೇಕು. 20 ಲಕ್ಷದ ಮಿತಿಯ ರಕ್ಷಣೆ ಅಲ್ಲಿ ಸಿಗಲ್ಲ. ತೆರಿಗೆಯನ್ನೂ ಅಂದಾಜು ಮಾಡಿ ಮುಂಗಡ ಕಟ್ಟಬೇಕು.

ನೆಟ್‌ವರ್ಕಿನ ಭಯ ಮಾತ್ರ ಸುಳ್ಳಲ್ಲ. ಕೆಲವು ವರ್ಷದ ಹಿಂದೆ ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಒಂದು ಸಂಗೀತ ರಾತ್ರಿ. ಪರಿಚಯದವರೊಬ್ಬರು ಬಂಗಡೆ ಫ್ರೈ ಮಳಿಗೆ ಹಾಕಿದ್ದರು. ಗಲ್ಲಾದಲ್ಲಿ ಕೂರಲು ಜನ ಇಲ್ಲ, ನೀವು ಲೆಕ್ಕದವರು ಅಲ್ವಾ ಬನ್ನಿ ಎಂದು ನನ್ನನ್ನು ಕೂರಿಸಿದರು. ಸಂಜೆ ಏಳರ ತನಕ ಎಲ್ಲ ಚೆನ್ನಾಗಿತ್ತು. ಮುಖ್ಯ ಗಾಯಕರು ಬಂದು ಜನ ಮೊಬೈಲ್ ಎತ್ತಿ ವಿಡಿಯೋ ಶುರು ಮಾಡಿದ್ದೇ ತಡ, ಪಾವತಿ ಮಾಡುವವರ ಮೊಬೈಲಿನಲ್ಲಿ ಚಕ್ರ ತಿರುಗತೊಡಗಿತು. ಸೌಂಡ್‌ಬಾಕ್ಸ್ ಮಾತೇ ಬಿಟ್ಟಿತು. ಒಬ್ಬ ಹುಡುಗ ತಟ್ಟೆ ಒಂದು ಕೈಲಿ, ಮೊಬೈಲ್ ಇನ್ನೊಂದು ಕೈಲಿ ಹಿಡಿದು "ಸರ್, ನನ್ನ ಅಕೌಂಟಿಂದ ಹೋಗಿದೆ, ನೋಡಿ" ಅಂತಾನೆ. ಅವನ ಹಿಂದೆ ಹದಿನೈದು ಜನ. ಬಿಸಿ ಬಂಗಡೆ ತಣ್ಣಗಾಗುತ್ತಿದೆ. ಕೊನೆಗೆ ಮುಖ ನೋಡಿ ಕೊಡುವ ಪದ್ಧತಿಗೆ ಇಳಿದೆವು. ಒಳ್ಳೆಯ ಮುಖಕ್ಕೆ ತಟ್ಟೆ, ಉಳಿದವರಿಗೆ ನಗದು ಇದ್ದರೆ ಮಾತ್ರ. ಹನ್ನೊಂದೂವರೆಗೆ ಬೀಚು ಖಾಲಿಯಾಗಿ, ನಾವು ಕಾವಲಿ ಉಜ್ಜುತ್ತಿದ್ದಾಗ ಸೌಂಡ್‌ಬಾಕ್ಸಿಗೆ ಇದ್ದಕ್ಕಿದ್ದಂತೆ ಜೀವ ಬಂತು. ನೂರಿಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ, ಇನ್ನೂರ ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ ಎಂದು ಕತ್ತಲಲ್ಲಿ ಒಂದರ ಹಿಂದೆ ಒಂದು ಕೂಗುತ್ತಲೇ ಇತ್ತು. ಎದುರಿಗೆ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ.

ಅವತ್ತು ಆಗಿದ್ದೇನು? ನಮ್ಮ ಕಡೆಯ ಟವರುಗಳು ಆ ಊರಿನ ದಿನದ ಜನಕ್ಕೆ ತಕ್ಕ ಹಾಗೆ ಇರುತ್ತವೆ. ಒಂದೇ ರಾತ್ರಿ ಸಾವಿರಾರು ಮೊಬೈಲು ಒಂದೇ ಟವರನ್ನು ಹಿಡಿದುಕೊಂಡರೆ ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು. ಕಡ್ಡಿ ನಾಲ್ಕೂ ತೋರಿಸುತ್ತದೆ, ಡೇಟಾ ಮಾತ್ರ ಅಲ್ಲಾಡಲ್ಲ. ಯುಪಿಐ ಸಂದೇಶ ಸಣ್ಣದು, ಆದರೆ ದಾರಿ ಉದ್ದ. ಗ್ರಾಹಕನ ಮೊಬೈಲಿಂದ ಅವನ ಆ್ಯಪ್‌ಗೆ, ಅಲ್ಲಿಂದ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಗೆ, ಅವನ ಬ್ಯಾಂಕಿಗೆ, ನಿಮ್ಮ ಬ್ಯಾಂಕಿಗೆ, ಕೊನೆಗೆ ಸೌಂಡ್‌ಬಾಕ್ಸಿನೊಳಗಿನ ಸಿಮ್ಮಿಗೆ. ಎಲ್ಲಿ ತಡೆದರೂ ನಿಮಗೆ ಕೂಗು ಕೇಳಲ್ಲ. ಕೆಲವೊಮ್ಮೆ ಟವರಿನದ್ದೂ ತಪ್ಪಿರಲ್ಲ. 2025ರ ಮಾರ್ಚ್ 26ರಂದು, ಮತ್ತೆ ಏಪ್ರಿಲ್ 12ರಂದು ದೇಶದಲ್ಲೆಲ್ಲ ಯುಪಿಐ ಕೈಕೊಟ್ಟಿತ್ತು.

ಹಾಗಾಗಿ "ಹೋಗಿದೆ" ಅನ್ನುವ ಗ್ರಾಹಕ ಸುಳ್ಳು ಹೇಳುತ್ತಿದ್ದಾನೆ ಅಂತ ತಿಳಿಯಬೇಡಿ. ಅವನ ಖಾತೆಯಿಂದ ಕಳೆದು ಅಂಗಡಿಗೆ ಬಾರದಿದ್ದರೆ 5 ದಿನದೊಳಗೆ ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಅಂದರೆ ಅವನಿಗೆ ರಕ್ಷಣೆ ಇದೆ. ತಟ್ಟೆ ಕೊಟ್ಟ ನಿಮಗೆ ಇಲ್ಲ. ಸುಳ್ಳು ಹೇಳುವವರೂ ಇದ್ದಾರೆ. ಹಣ ಹೋದ ಹಾಗೆ ಪರದೆ ತೋರಿಸುವ ನಕಲಿ ಆ್ಯಪ್‌ಗಳಿವೆ. ಸ್ಕ್ರೀನು ನೋಡಿ ತೆಳ್ಳೇವು ಕೊಡಬೇಡಿ. ಸೌಂಡ್‌ಬಾಕ್ಸ್ ಕೂಗಬೇಕು ಅಥವಾ ನಿಮ್ಮ ಮೊಬೈಲಿನಲ್ಲಿ ಜಮೆ ಕಾಣಬೇಕು.

ಬ್ಯಾಂಡಿನ ಪರವಾಗಿ ನಾನು ಒಳ್ಳೆಯ ಮಾತು ಆಡಲೇಬೇಕಾದ ಜಾಗ ಇದು. ಆ ಬ್ಯಾಂಡಿನೊಳಗೆ ಒಂದು ಚಿಪ್ ಇರುತ್ತದೆ, ಬೆಂಗಳೂರು ಮೆಟ್ರೋ ಕಾರ್ಡಿನ ಸಂಬಂಧಿಕ ಅಂದುಕೊಳ್ಳಿ. ಮಷೀನಿಗೆ ತಾಗಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಕೆಲಸ ಆಯಿತು. ಬಾಕಿ ಮೊತ್ತವನ್ನು ಚಿಪ್ಪಿನಲ್ಲೇ ಬರೆಯುವ ವ್ಯವಸ್ಥೆ ಆದರೆ ಆ ಗಳಿಗೆಯಲ್ಲಿ ನೆಟ್‌ವರ್ಕೇ ಬೇಡ. ಮಷೀನು ಲೆಕ್ಕ ಇಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ. ಚಿಲ್ಲರೆ ಬೇಡ, ಹಿಟ್ಟಿನ ಕೈಲಿ ನೋಟು ಮುಟ್ಟುವುದು ಬೇಡ, ಕತ್ತಲಲ್ಲಿ ಐನೂರರ ನೋಟು ಅಸಲಿಯೋ ನಕಲಿಯೋ ಎಂದು ಬಲ್ಬಿಗೆ ಹಿಡಿಯುವುದು ಬೇಡ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲು ನೂರು ಜನ ನುಗ್ಗುವ ಜಾಗದಲ್ಲಿ ಇದು ದೊಡ್ಡ ಅನುಕೂಲ. ಆದರೆ ಎಲ್ಲ ಬ್ಯಾಂಡೂ ಒಂದೇ ಅಲ್ಲ. ಕೆಲವು ಪ್ರತಿ ಸಲ ಸರ್ವರ್ ಕೇಳಿಯೇ ಹಣ ಕಳೆಯುತ್ತವೆ. ಅಂಥದ್ದಾದರೆ ನೆಟ್‌ವರ್ಕಿನ ಕಥೆ ಮತ್ತೆ ಅದೇ. "ಸಿಗ್ನಲ್ ಹೋದರೆ ನಿಮ್ಮ ಮಷೀನು ನಡೆಯುತ್ತಾ?" ಎಂದು ಸಂಘಟಕರನ್ನು ಕೇಳಿ. ಹೌದು ಅಂದರೆ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕುವ ಹಾಗೆ ಮಷೀನಿನ ಸಿಗ್ನಲ್ ತೆಗೆದು ನಿಮ್ಮೆದುರು ತೋರಿಸಲಿ.

ಇದು ಕೈಕೊಟ್ಟರೆ ಹೇಗಿರುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ಉದಾಹರಣೆ ಇದೆ. ಅಲ್ಲಿ ಡೊನಿಂಗ್ಟನ್ ಪಾರ್ಕಿನಲ್ಲಿ ಡೌನ್‌ಲೋಡ್ ಎಂಬ ದೊಡ್ಡ ರಾಕ್ ಸಂಗೀತ ಹಬ್ಬ ನಡೆಯುತ್ತದೆ. 2015ರಲ್ಲಿ ಅವರು ನಗದು ತೆಗೆದು ಪೂರ್ತಿ ಬ್ಯಾಂಡಿಗೆ ಹೋದರು. ವ್ಯವಸ್ಥೆ ತೊಂದರೆ ಕೊಟ್ಟು ಜನ ಸಿಟ್ಟಾದರು. ಮರುವರ್ಷ ಅದನ್ನು ಕೈಬಿಟ್ಟರು. ಬೆಲ್ಜಿಯಂನ ಟುಮಾರೋಲ್ಯಾಂಡಿನಲ್ಲಿ ಬ್ಯಾಂಡು ಚೆನ್ನಾಗಿಯೇ ನಡೆಯುತ್ತದೆ. ಅಲ್ಲಿ ಯೂರೋ ಕೊಟ್ಟು ಪರ್ಲ್ಸ್, ಅಂದರೆ ಮುತ್ತು, ಎಂಬ ಹಬ್ಬದ ನಾಣ್ಯ ತುಂಬಿಸಿಕೊಳ್ಳಬೇಕು. ಇಷ್ಟು ಮುತ್ತು ಕೊಟ್ಟೆ ಅನ್ನುವಾಗ ಎಷ್ಟು ದುಡ್ಡು ಹೋಯಿತು ಎಂದು ತಲೆಗೆ ಹೊಳೆಯಲ್ಲ. ವ್ಯಾಪಾರಿಗೆ ಒಳ್ಳೆಯದೇ. ನಿಮ್ಮ ಸಂಘಟಕರೂ ಇಂಥ ಬೇರೆ ಲೆಕ್ಕ ಇಟ್ಟರೆ ನಿಮ್ಮ ಬೋರ್ಡಿನಲ್ಲಿ ರೂಪಾಯಿಯ ದರವನ್ನೂ ಬರೆಯಿರಿ. ತೆಳ್ಳೇವಿಗೆ ಎಷ್ಟು ಎಂದು ಕೇಳಿದರೆ ಮುತ್ತಿನಲ್ಲಿ ಹೇಳುವ ಸ್ಥಿತಿ ಮಹಾರಾಜರ ಕಾಲಕ್ಕೇ ಸಾಕು.

ಸಂಘಟಕರಿಗೆ ಬ್ಯಾಂಡು ಯಾಕೆ ಇಷ್ಟ? ಸಾಲು ಬೇಗ ಕರಗುತ್ತದೆ ಎನ್ನುವುದು ಒಂದು. ಪ್ರತಿ ಮಳಿಗೆಯ ಮಾರಾಟ ಪೈಸೆ ಪೈಸೆಯಾಗಿ ಅವರಿಗೆ ಕಾಣುತ್ತದೆ, 12 ಪರ್ಸೆಂಟ್ ತಪ್ಪಿಸಿಕೊಳ್ಳಲು ಆಗಲ್ಲ ಎನ್ನುವುದು ಇನ್ನೊಂದು. ಮೂರನೆಯದು ಜನ ತುಂಬಿಸಿ ಖರ್ಚು ಮಾಡದೆ ಬಿಟ್ಟು ಹೋಗುವ ಉಳಿಕೆ. ಸಾವಿರ ತುಂಬಿಸಿ 930 ತಿಂದವರು 70 ರೂಪಾಯಿಗೆ ಮತ್ತೆ ಸಾಲು ನಿಲ್ಲಲ್ಲ. ಎಲ್ಲಕ್ಕಿಂತ ಮುಖ್ಯ, ಮೂರು ದಿನದ ಪೂರ್ತಿ ದುಡ್ಡು ಅವರ ಹತ್ತಿರ ಇರುತ್ತದೆ. ಸ್ಟೇಜು, ಲೈಟು, ಸೌಂಡು, ಕಲಾವಿದರು ಎಲ್ಲರಿಗೂ ಅವರು ಕೊಡಬೇಕು. ಹಬ್ಬಕ್ಕೆ ಲಾಸ್ ಆದರೆ ಕೊನೆಗೆ ಉಳಿಯುವವರು ಜೋರು ಮಾಡದ ಸಣ್ಣ ಮಳಿಗೆಯವರು. ನಮ್ಮ ಕಕ್ಷಿದಾರರೊಬ್ಬರ 64,000 ರೂಪಾಯಿ ಇಂಥ ಒಂದು ಹಬ್ಬದಲ್ಲಿ ಸಿಕ್ಕಿಕೊಂಡಿತ್ತು. ಫೋನ್ ಮಾಡಿದರೆ "ಅಕೌಂಟ್ಸ್‌ನವರು ರಜೆ" ಎನ್ನುವ ಉತ್ತರ. ಎರಡು ಕಂತಿನಲ್ಲಿ ಬರಲು ಐದು ತಿಂಗಳು ಹಿಡಿಯಿತು. ಬಂತು ಅನ್ನುವುದೇ ಪುಣ್ಯ.

ಅದಕ್ಕೇ ಸಂಘಟಕರಿಗೆ ಇನ್ನೊಂದು ಪ್ರಶ್ನೆ ಕೇಳಿ: ಬ್ಯಾಂಡಿನ ದುಡ್ಡು ಇಟ್ಟುಕೊಳ್ಳುವವರು ಯಾರು? ಒಂದು ಹೋಟೆಲು ತನ್ನದೇ ಊಟಕ್ಕೆ ಟೋಕನ್ ಮಾರಿದರೆ ರಿಸರ್ವ್ ಬ್ಯಾಂಕ್ ಕೇಳಲು ಬರಲ್ಲ. ಕೊಟ್ಟವರ ಹತ್ತಿರ ಮಾತ್ರ ನಡೆಯುವ ಇಂಥ ಪ್ರೀಪೇಯ್ಡಿಗೆ ಅನುಮತಿ ಬೇಡ. ಆದರೆ ಒಬ್ಬರು ದುಡ್ಡು ತುಂಬಿಸಿಕೊಂಡು ಬೇರೆ ಬೇರೆ ವ್ಯಾಪಾರಿಗಳ ಹತ್ತಿರ ಖರ್ಚು ಮಾಡುವ ವ್ಯವಸ್ಥೆಯನ್ನು ಬ್ಯಾಂಕ್ ಅಥವಾ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಸಂಸ್ಥೆಯೇ ನಡೆಸಬೇಕು. ನೀವು ಸಂಘಟಕರ ನೌಕರರಲ್ಲ, ಬೇರೆ ವ್ಯಾಪಾರಿ. ಹಾಗಾಗಿ ಹಿಂದೆ ಒಂದು ಬ್ಯಾಂಕಿನ ಅಥವಾ ಪರವಾನಗಿ ಪಡೆದ ವಾಲೆಟ್ ಕಂಪನಿಯ ಹೆಸರು ಇರಬೇಕು. ಆ ಹೆಸರು ಥಟ್ಟನೆ ಬಂದರೆ ಅರ್ಧ ನಿಶ್ಚಿಂತೆ. ಮುಖ ಮುಖ ನೋಡಿಕೊಂಡರೆ ನಿಮಗೆ ಉತ್ತರ ಸಿಕ್ಕಿದಂತೆ.

ಈಗ ಕಾಗದ ಪೆನ್ನು ತಗೊಳ್ಳಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸಿದ್ದು ಬ್ಯಾಂಡಲ್ಲ, ಬಾಡಿಗೆಯ ಲೆಕ್ಕ. ಮೂರು ದಿನಕ್ಕೆ 60,000 ರೂಪಾಯಿ ಮಾರಾಟ ಆಯಿತು ಅನ್ನಿ. ನೀವೇ ಬರೆದ ಹಾಗೆ ಖರ್ಚು 33,000. ಉಳಿಯಿತು 27,000. 12 ಪರ್ಸೆಂಟಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ ಅದು 14.16 ಪರ್ಸೆಂಟ್, ಅಂದರೆ 8,496. ಬಾಡಿಗೆ 15,000. ಕೊನೆಗೆ ಕೈಗೆ 3,504 ರೂಪಾಯಿ. ಎಂಟು ಜನ, ಮೂರು ದಿನ: ತಲೆಗೆ ದಿನಕ್ಕೆ 146. ತೋಟದ ಕೆಲಸಕ್ಕೆ ಹೋದರೂ ಇದಕ್ಕಿಂತ ಜಾಸ್ತಿ ಸಿಗುತ್ತದೆ, ನಿದ್ದೆಯೂ ಸಿಗುತ್ತದೆ. ಮಾರಾಟ 90,000ಕ್ಕೆ ಹೋದರೆ ಕೈಗೆ 12,756, ತಲೆಗೆ ದಿನಕ್ಕೆ ಸುಮಾರು 530. ಪರವಾಗಿಲ್ಲ. ಆದರೆ ತೆಳ್ಳೇವಿನ ಒಂದು ಕಾವಲಿಯಲ್ಲಿ ದಿನಕ್ಕೆ 30,000 ಎಬ್ಬಿಸಬಹುದಾ? ಎಷ್ಟು ಕಾವಲಿ ಇಡಲು ಜಾಗ ಕೊಡುತ್ತಾರೆ? ನಿಮಗೇ ಗೊತ್ತು.

ಈ 12 ಪರ್ಸೆಂಟನ್ನು "ಪೇಮೆಂಟ್ ಚಾರ್ಜು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ವ್ಯಾಪಾರಿಗೆ 2020ರ ಜನವರಿಯಿಂದ ಶುಲ್ಕವೇ ಇಲ್ಲ. 12 ಪರ್ಸೆಂಟ್ ಅನ್ನುವುದು ಜಾಗಕ್ಕೆ, ಜನ ಸೇರಿಸಿಕೊಟ್ಟಿದ್ದಕ್ಕೆ ಕೊಡುವ ಪಾಲು. ಹಾಗಿದ್ದ ಮೇಲೆ ಬಾಡಿಗೆ ಮತ್ತೆ ಯಾಕೆ? ಎರಡರಲ್ಲಿ ಒಂದು ತಗೊಳ್ಳಿ ಎಂದು ಕೇಳಲು ನಿಮಗೆ ಪೂರ್ತಿ ಹಕ್ಕಿದೆ. ಬಾಡಿಗೆ ಬಿಟ್ಟರೆ 60,000ದ ಮಾರಾಟದಲ್ಲೇ 18,504 ಉಳಿಯುತ್ತದೆ. ಊರಿನ ತಿಂಡಿಯ ಮಳಿಗೆ ಇದ್ದರೆ ಹಬ್ಬಕ್ಕೆ ಶೋಭೆ ಎಂದು ಅವರಿಗೂ ಗೊತ್ತು. ಇಲ್ಲದಿದ್ದರೆ ಶಿರಸಿ ತನಕ ಹುಡುಕಿಕೊಂಡು ಬರುತ್ತಿರಲಿಲ್ಲ.

ಸುಮ್ನೆ ನಗದು ತಗೊಂಡರೆ ಏನಾಗುತ್ತದೆ? ನೋಟು ಕಾನೂನು ಒಪ್ಪಿದ ಹಣ, ಅದನ್ನು ತಗೊಳ್ಳುವುದು ಅಪರಾಧ ಅಲ್ಲ. ಆದರೆ ತಗೊಳ್ಳಲ್ಲ ಎಂದು ಸಹಿ ಹಾಕಿ ತಗೊಂಡರೆ ಕರಾರು ಮುರಿದ ಹಾಗೆ. ಮಳಿಗೆ ಮುಚ್ಚಿಸಬಹುದು, ಬರಬೇಕಾದ ಹಣದಲ್ಲಿ ಹಿಡಿಯಬಹುದು. ನಿಮ್ಮ ದುಡ್ಡು ಅವರ ಕೈಲಿದೆ ನೋಡಿ, ಜಗಳಕ್ಕೆ ಬಲ ಅವರಿಗೇ. ಆ ಕೆಲಸ ಬೇಡ. ಸಹಿಗೆ ಮೊದಲೇ ಕೇಳಿ. ಇನ್ನು ನಗದೂ ಪುಕ್ಕಟೆ ಅಲ್ಲ. ಮಧ್ಯರಾತ್ರಿ ಬೀಚಿನಿಂದ ಗಲ್ಲಾ ಹಿಡಿದು ನಡೆಯುವವರು ಯಾರು, ಎಂಟು ಜನರ ಎದುರು ಎಣಿಸುವವರು ಯಾರು, ಕಡಿಮೆ ಬಿದ್ದರೆ ಯಾರ ಮೇಲೆ ಗುಮಾನಿ? ಸಂಘಗಳು ಒಡೆದಿದ್ದು ಇಂಥದ್ದರಲ್ಲೇ ಜಾಸ್ತಿ.

ಫಾರಿನ್ ಜನರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬ್ಯಾಂಡ್ ಇದ್ದರೆ ಅವರು ಕಾರ್ಡಿನಿಂದ ತುಂಬಿಸಿಕೊಂಡು ಬರುತ್ತಾರೆ, ಅದು ಕೌಂಟರಿನವರ ತಲೆನೋವು. ಬೇರೆ ಕಡೆ ನೀವು ಕ್ಯೂಆರ್ ಇಟ್ಟಾಗ, ಪ್ರವಾಸಿಗರಿಗೆಂದೇ ಇರುವ ಯುಪಿಐ ಒನ್ ವರ್ಲ್ಡ್ ಎಂಬ ವಾಲೆಟ್ ಇದ್ದವರು ನಿಮ್ಮ ಮಾಮೂಲಿ ಕ್ಯೂಆರಿಗೇ ಹಾಕಬಹುದು. ಇಲ್ಲದವರಿಗೆ ನಗದು.

ಹಾಗಾದರೆ ಹೋಗುವುದಾ ಬಿಡುವುದಾ? ನಾನು ನಿಮ್ಮ ಜಾಗದಲ್ಲಿದ್ದರೆ ಹಬ್ಬಕ್ಕೆ ಹೋಗುತ್ತಿದ್ದೆ, ಈ ಕರಾರಿಗೆ ಹೋಗುತ್ತಿರಲಿಲ್ಲ. ಮೊದಲು ಕೇಳುವುದು ದಿನದ ಲೆಕ್ಕ ದಿನಕ್ಕೆ. ಪ್ರತಿ ರಾತ್ರಿ ಮಷೀನಿನಿಂದ ಅವತ್ತಿನ ಮಾರಾಟದ ಚೀಟಿ, ಅದಕ್ಕೆ ಅವರ ಕಡೆಯವರ ಸಹಿ. ಹಣ ಮರುದಿನ ಸಂಘದ ಖಾತೆಗೆ. ಅಷ್ಟಕ್ಕೆ ಒಪ್ಪದಿದ್ದರೆ ಕೊನೇ ದಿನದ್ದು ಬಿಟ್ಟು ಉಳಿದದ್ದು ಹಬ್ಬ ಮುಗಿಯುವುದರೊಳಗೆ. ಬೆಳಿಗ್ಗೆ ಕಾಯಿ, ಐಸು, ಗ್ಯಾಸಿಗೆ ನಿಮಗೆ ನಗದು ಬೇಕಲ್ವಾ, ಇದನ್ನೇ ಕಾರಣ ಕೊಡಿ. ಮಷೀನು ಕೆಟ್ಟರೆ ಆ ಹೊತ್ತು ನಮ್ಮ ಕ್ಯೂಆರ್ ಅಥವಾ ನಗದು ತಗೊಳ್ಳಬಹುದು ಎಂದು ಒಂದು ಸಾಲು ಸೇರಿಸಲು ಹೇಳಿ, ಅದಕ್ಕೂ 12 ಪರ್ಸೆಂಟ್ ಕೊಡುತ್ತೇವೆ ಅನ್ನಿ. ಇದಕ್ಕೆ ಒಪ್ಪುವವರು ಬಹಳ ಜನ, ಯಾಕೆಂದರೆ ಅವರಿಗೂ ಸಾಲು ನಿಲ್ಲುವುದು ಬೇಡ. ಬಾಯಿಮಾತು ಬೇಡ, ವಾಟ್ಸಾಪಿನಲ್ಲಾದರೂ ಬರಹದಲ್ಲಿ ಇರಲಿ.

ದಿನದ ಲೆಕ್ಕಕ್ಕೆ ಒಪ್ಪಲೇ ಇಲ್ಲ ಅನ್ನಿ. ಆಗಲೂ ಒಂದು ದಾರಿ ಇದೆ, ನನಗೆ ಅಷ್ಟು ಇಷ್ಟ ಇಲ್ಲದ ದಾರಿ. ಮೂರು ವಾರ ಬರದಿದ್ದರೂ ಮನೆ ನಡೆಯುವಷ್ಟು ಮಾತ್ರ ಸಾಮಾನು ಒಯ್ಯಿರಿ. ತೊಡದೇವು, ಹಪ್ಪಳದ ಪ್ಯಾಕೆಟ್ಟು ಮಾರಾಟ ಆಗದಿದ್ದರೆ ವಾಪಸ್ ತರಬಹುದು. ತೆಳ್ಳೇವಿನ ಹಿಟ್ಟು ತರಲಾಗದು. ಎಂಟು ಜನ ಹೋಗುವ ಬದಲು ನಾಲ್ಕು ಜನ ಹೋಗಿ. ಈ ಹಬ್ಬದಲ್ಲಿ ಹೆಸರು ಆಗಲಿ ಎನ್ನುವ ಲೆಕ್ಕದಲ್ಲಿ ಹೋಗುವುದಾದರೆ ಸರಿ, ಆದರೆ ಬಾಡಿಗೆ ಮಾತ್ರ ಪೂರ್ತಿ ಮುಂಗಡ ಕೊಡಬೇಡಿ. ಅರ್ಧ ಈಗ, ಅರ್ಧ ಬರಬೇಕಾದ ಹಣದಲ್ಲಿ ಹಿಡಿದುಕೊಳ್ಳಲಿ. ಹಬ್ಬ ರದ್ದಾದರೆ ಬಾಡಿಗೆ ವಾಪಸ್ ಎಂಬ ಸಾಲನ್ನೂ ಹುಡುಕಿ. ಬೀಚಿನ ಕಾರ್ಯಕ್ರಮಗಳು ಪರವಾನಗಿ, ಗಾಳಿ-ಮಳೆ ಎಂದು ಕೊನೇ ಗಳಿಗೆಯಲ್ಲಿ ನಿಂತಿದ್ದು ನಮಗೆ ಹೊಸದಲ್ಲ.

ನಿಮ್ಮದೇ ಕ್ಯೂಆರ್ ಇಡಲು ಬಿಟ್ಟರೆ ಸಣ್ಣ ಎಚ್ಚರಿಕೆಗಳು. ದರಗಳನ್ನು 50, 100ರಲ್ಲಿ ಇಡಿ, 35-45 ಬೇಡ. ಬೆಳಿಗ್ಗೆ ಮಳಿಗೆ ತೆರೆಯುವಾಗ ನೀವೇ ಒಂದು ರೂಪಾಯಿ ಹಾಕಿ ನೋಡಿ, ನಿಮ್ಮ ಸ್ಟಿಕ್ಕರಿನ ಮೇಲೆ ಬೇರೆಯವರು ತಮ್ಮದು ಅಂಟಿಸಿಲ್ಲ ತಾನೇ? ಸೌಂಡ್‌ಬಾಕ್ಸಿನ ಸಿಮ್ ಆ ಬೀಚಿನಲ್ಲಿ ಹಿಡಿಯುವ ಕಂಪನಿಯದಾ ಎಂದು ಮೊದಲೇ ಹೋಗಿ ನೋಡಿ. ಖಾಲಿ ಬೀಚಿನಲ್ಲಿ ಹಿಡಿದರೆ ಹಬ್ಬದ ದಿನವೂ ಹಿಡಿಯುತ್ತದೆ ಎಂದಲ್ಲ, ಖಾಲಿಯಲ್ಲೇ ಹಿಡಿಯದಿದ್ದರೆ ಆಸೆಯೇ ಬೇಡ. ಯುಪಿಐ ಲೈಟ್, ಅಂದರೆ ಆ್ಯಪ್‌ನಲ್ಲೇ ಮೊದಲೇ ಸ್ವಲ್ಪ ದುಡ್ಡು ತುಂಬಿಸಿಡುವ ವ್ಯವಸ್ಥೆ, ಇರುವ ಗ್ರಾಹಕರದ್ದು ಬ್ಯಾಂಕಿನ ಸರ್ವರಿಗೆ ಕಾಯದೆ ಬೇಗ ಹೋಗುತ್ತದೆ, ಸಾವಿರದೊಳಗಿನ ಮೊತ್ತಕ್ಕೆ ಅದು ಸಾಕು. ಯಾರಾದರೂ "ನಿಮಗೆ ದುಡ್ಡು ಕಳಿಸಿದ್ದೇನೆ, ಪಿನ್ ಹಾಕಿ" ಎಂದರೆ ಮಳಿಗೆಯಿಂದ ಆಚೆ ಕಳಿಸಿ. ದುಡ್ಡು ಬರಲು ಪಿನ್ ಬೇಡ. ಮೋಸ ಆಗಿಯೇಬಿಟ್ಟರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್.

ಕೊನೆಗೆ ನಿಮ್ಮ ಡಬ್ಬಿ. ಹತ್ತು ರೂಪಾಯಿ ನಾಣ್ಯ ಪೂರ್ತಿ ಚಲಾವಣೆಯಲ್ಲಿದೆ. ಹದಿನಾಲ್ಕು ವಿನ್ಯಾಸದಲ್ಲಿ ಬಂದಿವೆ, ಎಲ್ಲವೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಕಾನೂನಿನ ಪ್ರಕಾರ ಒಂದು ಸಲಕ್ಕೆ 1,000 ರೂಪಾಯಿ ತನಕ ನಾಣ್ಯದಲ್ಲೇ ಕೊಡಬಹುದು. ಆದರೂ ನಮ್ಮ ಪೇಟೆಯಲ್ಲಿ "ಇದು ಇಲ್ಲಿ ನಡೆಯಲ್ಲ" ಅಂತಾರೆ, ಕಾನೂನು ಓದಿ ಹೇಳಿದರೆ ನಗುತ್ತಾರೆ. ಸಂಘದ ಖಾತೆ ಇರುವ ಬ್ಯಾಂಕಿಗೆ ನೂರು ನೂರು ನಾಣ್ಯದ ಪೊಟ್ಟಣ ಕಟ್ಟಿ, ಜನ ಕಡಿಮೆ ಇರುವ ಮಧ್ಯಾಹ್ನ ಒಯ್ದು ಜಮೆ ಮಾಡಿ, ಅವರು ತಗೊಳ್ಳಬೇಕು. ಎಲ್ಲ ಕೊಟ್ಟುಬಿಡಬೇಡಿ. ನಾಲ್ಕೈದು ಪೊಟ್ಟಣ ಹಬ್ಬಕ್ಕೆ ಇರಲಿ. ಮಷೀನು ಕೆಟ್ಟು ನಗದಿಗೆ ಇಳಿದ ರಾತ್ರಿ ಇಡೀ ಬೀಚಿನಲ್ಲಿ ಚಿಲ್ಲರೆ ಇರುವುದು ನಿಮ್ಮ ಮಳಿಗೆಯಲ್ಲಿ ಮಾತ್ರ. ಗೋವಾದಿಂದ, ಮುಂಬೈಯಿಂದ ಬಂದವರು ಅದನ್ನು ತಿರುಗಿಸಿಯೂ ನೋಡದೆ ಜೇಬಿಗೆ ಹಾಕಿಕೊಳ್ಳುತ್ತಾರೆ.